ರೋಷನಾರಾ ಮನೆಯ ಅಪ್ಪ

ಸೆಪ್ಟೆಂಬರ್ ಕೊನೆಗೆ ಕೊಡಗಿನಲ್ಲಿ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದಿರುತ್ತದೆ. ಪೂಜೆಗೆ ಇಳಿಸಿದ ಕೋವಿಗಳು ಮತ್ತೆ ಗೋಡೆ ಸೇರಿರುತ್ತವೆ. ನಾಟಿ ಮುಗಿದ ಗದ್ದೆಗಳು ಹಸಿರೇರಿರುತ್ತವೆ. ಮಡಿಕೇರಿಯಲ್ಲಿ ಮಾತ್ರ ಮಳೆ ಇನ್ನೂ ಹೋದೆನೆಂದು ಹೇಳಿರುವುದಿಲ್ಲ. ಬೆಳಗಿನ ಮಂಜು ಸರಿದು ಬಿಸಿಲು ಬಿತ್ತೆನ್ನುವಷ್ಟರಲ್ಲಿ ಜಡಿ ಹಿಡಿಯುತ್ತದೆ. 1965ರಲ್ಲಿ ಅಂಥ ದಿನಗಳಲ್ಲೇ, ಮರಗಳ ನಡುವಿನ ರೋಷನಾರಾ ಮನೆಗೆ ಆ ಸುದ್ದಿ ಬಂತು. ಜನರಲ್ ಕೊಡಂದೇರ ಮಾದಪ್ಪ ಕಾರಿಯಪ್ಪನವರ ಒಬ್ಬನೇ ಮಗ ನಂದ, ಭಾರತ-ಪಾಕಿಸ್ತಾನ ಯುದ್ಧದ ಕೊನೆಯ ದಿನಗಳಲ್ಲಿ ತಾವು ಹಾರಿಸುತ್ತಿದ್ದ ಹಂಟರ್ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾಳಾಗಿದ್ದರು.

ಆಗ ಅಪ್ಪನಿಗೆ ಅರವತ್ತಾರು. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಇವತ್ತಿಗೂ ಆ ದಿನವೇ ಸೇನಾ ದಿನ. 1953ರಲ್ಲಿ ನಿವೃತ್ತಿ, ಆಮೇಲೆ ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಹುದ್ದೆ. ಅದೂ ಮುಗಿದ ಮೇಲೆ ಮಡಿಕೇರಿ. ಇದಿಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ.

ಪಠ್ಯಪುಸ್ತಕ ಹೇಳದೆ ಬಿಡುವುದು ಮನೆಯೊಳಗಿನ ಕಾರಿಯಪ್ಪನವರನ್ನು. 1937ರಲ್ಲಿ ಮುತ್ತು ಮಾಚಯ್ಯ ಅವರೊಂದಿಗೆ ಮದುವೆ. ಮರುವರ್ಷ ನಂದ, ಐದು ವರ್ಷದ ನಂತರ ನಳಿನಿ. 1945ರಲ್ಲಿ ಗಂಡಹೆಂಡಿರು ಬೇರೆಯಾದರು, ಮೂರು ವರ್ಷ ಕಳೆಯುವಷ್ಟರಲ್ಲಿ ಮಕ್ಕಳ ತಾಯಿ ಅಪಘಾತದಲ್ಲಿ ತೀರಿಕೊಂಡರು. ಆ ಹೊತ್ತಿಗೆ ಕಾಶ್ಮೀರದ ಯುದ್ಧ ನಡೆಯುತ್ತಿತ್ತು, ಪಶ್ಚಿಮದ ಸೇನೆಯ ಹೊಣೆ ಇವರ ಹೆಗಲ ಮೇಲಿತ್ತು. ಲೇಹ್, ಕಾರ್ಗಿಲ್ ದಾರಿಯ ಚಿಂತೆಯ ನಡುವೆ ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ. ಆ ಇಬ್ಬರಿಗೂ ಇನ್ನು ಅಪ್ಪನೇ ದಿಕ್ಕು.

ಅವರು ಮಕ್ಕಳನ್ನು ಹೇಗೆ ಬೆಳೆಸಿದರೆಂಬುದಕ್ಕೆ ನಂದ ಅವರೇ ಹೇಳುವ ಒಂದು ಪ್ರಸಂಗ ಸಾಕು. ದೆಹಲಿಯಲ್ಲಿ ಶಾಲೆಯಿಂದ ಮಕ್ಕಳನ್ನು ಕರೆತರುವ ಸೇನೆಯ ಟ್ರಕ್ ಒಂದು ದಿನ ಬರಲಿಲ್ಲ. ಅಪ್ಪನ ಸಹಾಯಕ ಅಧಿಕಾರಿ ಪಾಪ, ಸರ್ಕಾರಿ ಕಾರು ಕಳಿಸಿದರು. ವಿಷಯ ತಿಳಿದ ಕಾರಿಯಪ್ಪ ಕೆರಳಿದರು. ಆ ಓಡಾಟಕ್ಕೆ ಲೆಕ್ಕ ಹಾಕಿಸಿ, ತಮ್ಮ ಕೈಯಿಂದಲೇ ಹಣ ಕಟ್ಟಿದರು. ಮಹಾದಂಡನಾಯಕರ ಮಕ್ಕಳಾದರೂ ಉಳಿದವರಿಗಿಲ್ಲದ ಸವಲತ್ತು ಇವರಿಗಿರಲಿಲ್ಲ.

ಹೀಗೆ ಬೆಳೆದ ಹುಡುಗನೇ 1965ರಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದು ಶತ್ರುವಿನ ಕೈಯಲ್ಲಿದ್ದದ್ದು. ಸ್ವಾತಂತ್ರ್ಯಕ್ಕೆ ಮುಂಚೆ ಕಾರಿಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಹುಡುಗ ಕ್ಷೇಮವಾಗಿದ್ದಾನೆ, ಬಿಟ್ಟುಕೊಡುತ್ತೇನೆ ಎಂಬ ಮಾತು ಅವರಿಂದಲೇ ಬಂತು. ಅಲ್ಲಿರುವ ಸೆರೆಯಾಳುಗಳೆಲ್ಲ ದೇಶದ ಮಕ್ಕಳು, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನಿಗೆ ಮಾತ್ರ ಏನೂ ಬೇಡ ಎಂಬುದು ಅಪ್ಪನ ಉತ್ತರವಾಗಿತ್ತೆಂದು ಇಂದಿಗೂ ಹೇಳುತ್ತಾರೆ.

ಈ ಮಾತನ್ನು ಸೈನಿಕನ ಕಲ್ಲೆದೆಯ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಅಪ್ಪ. ಗಂಡು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸಿ ಸಂಭ್ರಮಿಸಿದ ನಾಡಿನವರಿಗೆ ಒಬ್ಬ ಮಗ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅಂದು ಬೇಡವೆಂದದ್ದು ಶಾಲೆಗೆ ಹೋದ ಆ ಸರ್ಕಾರಿ ಕಾರನ್ನು ಬೇಡವೆಂದ ಅಪ್ಪನೇ. ಮಗನ ಜೊತೆ ಸೆರೆಯಲ್ಲಿದ್ದವರ ಮನೆಗಳಲ್ಲೂ ಅಪ್ಪಂದಿರು ಬಾಗಿಲು ನೋಡುತ್ತ ಕೂತಿದ್ದಾರೆಂಬುದು ಅವರಿಗೆ ಗೊತ್ತಿತ್ತು. ನಿವೃತ್ತ ಸೈನಿಕರ ಕಷ್ಟಸುಖಕ್ಕೆಂದು ಹಿಂದಿನ ವರ್ಷವಷ್ಟೇ, 1964ರಲ್ಲಿ, ಮಾಜಿ ಸೈನಿಕರ ಸಂಘ ಕಟ್ಟಲು ಮುಂದೆ ನಿಂತಿದ್ದವರು ಅವರು.

ನಂದ ಬಿಡುಗಡೆಯಾಗಿ ಬಂದದ್ದು 1966ರ ಜನವರಿಯಲ್ಲಿ. ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು. ಅಪ್ಪ 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ. ಮೂರೂ ಸೇನೆಗಳ ಮುಖ್ಯಸ್ಥರು, ಫೀಲ್ಡ್ ಮಾರ್ಷಲ್ ಮಾಣೆಕ್‌ ಷಾ ಅಲ್ಲಿಗೇ ಬಂದರು. 2007ರಲ್ಲಿ ಅಪ್ಪನ ಬದುಕಿನ ಪುಸ್ತಕ ಬಂತು. ಬರೆದವರು ನಂದ.