ಮಲೆನಾಡಿನ ಕೆರೆಯಲ್ಲಿ ಮೀನೆಷ್ಟು, ಗಾಳಕ್ಕೆ ಸಿಗುವುದೆಷ್ಟು?

ಸಕಲೇಶಪುರದಿಂದ ಶಿರಾಡಿ ಘಾಟಿಗೆ ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿರುವ ಮಾರನಹಳ್ಳಿ, ಎರಡು ನದಿಗಳ ನೀರು ಬೇರೆಯಾಗುವ ಸೀಮೆಯ ಊರು. ಘಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಕೆಂಪುಹೊಳೆಯನ್ನು ಸೇರಿ, ಗುಂಡ್ಯ ಹೊಳೆ ಮತ್ತು ಕುಮಾರಧಾರೆಗಳ ಮೂಲಕ ನೇತ್ರಾವತಿಗೆ ಹೋಗುತ್ತದೆ. ಪೂರ್ವಕ್ಕೆ ಹರಿದ ನೀರು ಹೇಮಾವತಿಯನ್ನು ಕೂಡಿಕೊಂಡು ಕಾವೇರಿಯ ಪಾಲಾಗುತ್ತದೆ. ಈ ಗುಡ್ಡಗಾಡಿನಲ್ಲಿ, ಆಲೂರಿನವರೆಗೂ, ಕಾಫಿ ತೋಟದ ಕೆರೆಗಳು ಮತ್ತು ಊರೊಟ್ಟಿನ ಕೆರೆಗಳು ಹಲವಾರು ಇವೆ. ಇವುಗಳ ಮುಖ್ಯ ಉದ್ದೇಶ ನೀರಾವರಿಯಾದರೂ, ಮನೆಬಳಕೆಗೆ ಮೀನು ಮತ್ತು ಬಿಡುವಿನ ವೇಳೆಯಲ್ಲಿ ಗಾಳದ ಹವ್ಯಾಸ ಎರಡನ್ನೂ ಕೊಡಬಲ್ಲವು.

ಆದರೆ ಅನೇಕ ರೈತರ ಅನುಭವ ಬೇರೆಯೇ. ಮಳೆಗಾಲದಲ್ಲಿ ಸಾವಿರಾರು ಮರಿ ತಂದು ಬಿಡುತ್ತಾರೆ. ಬೇಸಿಗೆಯಲ್ಲಿ ಗಾಳ ಹಾಕಿದರೆ ಸೊಸಲು, ಪಕ್ಕೆಗಳ ಹೊರತು ಏನೂ ಸಿಗುವುದಿಲ್ಲ. ಮರಿ ಸರಿಯಿರಲಿಲ್ಲ, ಅದೃಷ್ಟ ಸಾಲದು ಎಂದುಕೊಂಡು ಮರುವರ್ಷ ಮತ್ತಷ್ಟು ಮರಿ ಬಿಡುತ್ತಾರೆ. ಬಿಟ್ಟ ಮರಿಗಳಲ್ಲಿ ಎಷ್ಟು ಉಳಿದಿವೆ, ಉಳಿಯದವು ಎಲ್ಲಿ ಹೋದವು ಎಂಬುದನ್ನು ತಿಳಿಯದೆ ಹೀಗೆ ಮರಿ ಸುರಿಯುವುದು ಹಣ ಕಳೆದುಕೊಳ್ಳುವ ದಾರಿ. ಕೆರೆಯ ಮೀನನ್ನು ಎಣಿಸಲು ಸುಲಭ ವಿಧಾನವಿದೆ. ಅದನ್ನು ಅರಿತವರಿಗೆ ಗಾಳವೂ ಫಲ ಕೊಡುತ್ತದೆ, ಬಲೆಯೂ ಫಲ ಕೊಡುತ್ತದೆ.

ಕೆರೆಯಲ್ಲಿರುವ ಎರಡು ಬಗೆಯ ಮೀನುಗಳು

ಮೊದಲನೆಯವು ತಾವಾಗಿಯೇ ಸಂತಾನ ಬೆಳೆಸುವ ಸ್ಥಳೀಯ ಮೀನುಗಳು: ಸೊಸಲು, ಪಕ್ಕೆ, ಸಣ್ಣ ಗೆಂಡೆಗಳು, ಮುಗುಡು, ಅವಲು ಅಥವಾ ಕೊರವ ಎನ್ನುವ ಮುರ್ರೆಲ್. ಇವುಗಳಲ್ಲಿ ಹಲವು ಮುಂಗಾರಿನ ಮೊದಲ ನೆರೆಯಲ್ಲಿ ಹೊಳೆಯಿಂದ ತೋಡು, ಗದ್ದೆಗಳಿಗೆ ಏರಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇವನ್ನೇ.

ಎರಡನೆಯವು ಬಿತ್ತನೆಯ ಮೀನುಗಳು: ಕಾಟ್ಲಾ, ರೋಹು, ಮೃಗಾಲ್. ಇವು ಹರಿಯುವ ನದಿಯ ನೆರೆಯಲ್ಲಿ ಮಾತ್ರ ಮೊಟ್ಟೆಯಿಡುವ ಜಾತಿಗಳು. ನಿಂತ ನೀರಿನಲ್ಲಿ ಎಷ್ಟು ವರ್ಷ ಬೆಳೆದರೂ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದ ಮೇಲೆಯೇ ಮರಿಗಳು ದೇಶದಾದ್ಯಂತ ದೊರೆಯುವಂತಾದವು. ಆದ್ದರಿಂದ ಕೆರೆಯಲ್ಲಿ ಹಿಡಿದ ಪ್ರತಿಯೊಂದು ಕಾಟ್ಲಾ, ರೋಹುವಿನ ಜಾಗಕ್ಕೆ ಹೊಸ ಮರಿ ಬಿಡಲೇಬೇಕು.

ಸಾಮಾನ್ಯ ಗೆಂಡೆ ಇವೆರಡರ ನಡುವಿನದು. ಬಿತ್ತನೆಯ ಮೀನಾದರೂ ನಿಂತ ನೀರಿನಲ್ಲಿ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಮಲೆನಾಡಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ಆದರೆ ಬೇಗ ಪ್ರೌಢವಾಗುವುದರಿಂದ ಮೊಟ್ಟೆಗೆ ಶಕ್ತಿ ವ್ಯಯವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ತಡವಾಗಿ ಪ್ರೌಢವಾಗುವ ಅಮೂರ್ ತಳಿಯ ಗೆಂಡೆ ದೊರೆತರೆ ಅದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮೀನು ಎಣಿಸುವ ವಿಧಾನ

ಅಕ್ಟೋಬರ್ ಕೊನೆ ಅಥವಾ ನವೆಂಬರ್ ತಿಂಗಳು ಇದಕ್ಕೆ ಸೂಕ್ತ ಕಾಲ. ಆಗ ಕೋಡಿ ನಿಂತಿರುತ್ತದೆ; ಮೀನು ಒಳಗೆ ಬರುವುದಾಗಲಿ ಹೊರಗೆ ಹೋಗುವುದಾಗಲಿ ಇರುವುದಿಲ್ಲ. ತಂಪಾದ ಮುಂಜಾನೆ ಬೀಸುಬಲೆಯಿಂದ ಕೆರೆಯ ನಾಲ್ಕೂ ಕಡೆ ಮೀನು ಹಿಡಿದು, ನೀರು ತುಂಬಿದ ಅಗಲ ಬಾನಿಗಳಲ್ಲಿ ಇಟ್ಟುಕೊಳ್ಳಬೇಕು. ಬಿತ್ತನೆಯ ಪ್ರತಿಯೊಂದು ಮೀನಿನ ಬಾಲದ ರೆಕ್ಕೆಯ ಮೇಲ್ತುದಿಯನ್ನು ಕತ್ತರಿಯಿಂದ ಸ್ವಲ್ಪವೇ ಕತ್ತರಿಸಿ, ಎಣಿಸಿ, ತಡಮಾಡದೆ ಹಿಂದಕ್ಕೆ ಬಿಡಬೇಕು. ಇದರಿಂದ ಮೀನಿಗೆ ಅಪಾಯವಿಲ್ಲ. ಎರಡು ವಾರಗಳ ನಂತರ ಮತ್ತೆ ಅದೇ ರೀತಿ ಬಲೆ ಬೀಸಿ, ಸಿಕ್ಕ ಮೀನುಗಳಲ್ಲಿ ಗುರುತಿರುವವು ಎಷ್ಟು ಎಂದು ನೋಡಬೇಕು.

ಉದಾಹರಣೆಗೆ, ಮೊದಲ ಸಲ 50 ಮೀನುಗಳಿಗೆ ಗುರುತು ಮಾಡಿ ಬಿಡಲಾಯಿತು. ಎರಡನೆಯ ಸಲ 60 ಮೀನು ಸಿಕ್ಕಿ, ಅವುಗಳಲ್ಲಿ 10ಕ್ಕೆ ಗುರುತಿತ್ತು ಎನ್ನೋಣ. 50ನ್ನು 60ರಿಂದ ಗುಣಿಸಿ 10ರಿಂದ ಭಾಗಿಸಿದರೆ 300. ಕೆರೆಯಲ್ಲಿ ಸುಮಾರು 300 ಮೀನುಗಳಿವೆ ಎಂದರ್ಥ. ಒಂದು ಸಾವಿರ ಮರಿ ಬಿಟ್ಟಿದ್ದರೆ ಉಳಿದದ್ದು ಶೇಕಡ 30. ಈ ಲೆಕ್ಕ ಅಂದಾಜಿನದೇ ಆದರೂ, ಮರುವರ್ಷ ಏನು ಮಾಡಬೇಕೆಂದು ನಿರ್ಧರಿಸಲು ಸಾಕು.

ಈ ಎಣಿಕೆಗೆ ಗಾಳವನ್ನು ನಂಬುವಂತಿಲ್ಲ. ಮೇಲ್‌ಸ್ತರದ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾ ಮತ್ತು ಬೆಳ್ಳಿಗೆಂಡೆ ಗಾಳ ಕಚ್ಚುವುದು ಅಪರೂಪ. ತಳದಲ್ಲಿ ಕೆದಕಿ ತಿನ್ನುವ ಸಾಮಾನ್ಯ ಗೆಂಡೆ ಬೇಗ ಕಚ್ಚುತ್ತದೆ. ಗಾಳಕ್ಕೆ ಬರೀ ಗೆಂಡೆ ಸಿಕ್ಕಿತೆಂದು ಕೆರೆಯಲ್ಲಿ ಕಾಟ್ಲಾ ಇಲ್ಲವೆನ್ನುವುದು ಸರಿಯಲ್ಲ.

ಮೀನು ಎಲ್ಲಿ ಹೋಗುತ್ತದೆ?

ಒಂದು, ಕೋಡಿ. ಘಟ್ಟದಂಚಿನ ಈ ಸೀಮೆಯಲ್ಲಿ ಜುಲೈ ತಿಂಗಳ ಮಳೆಗೆ ಕೋಡಿ ದಿನಗಟ್ಟಲೆ ಹರಿಯುತ್ತದೆ. ಆಗ ಬಿಟ್ಟ ಬೆರಳುದ್ದದ ಮರಿಗಳು ನೀರಿನೊಂದಿಗೆ ಹೋಗಿಬಿಡುತ್ತವೆ. ಕೋಡಿಗೆ ಜಾಲರಿ ಕಟ್ಟಿ, ಅದಕ್ಕೆ ಸಿಕ್ಕುವ ಎಲೆ ಕಸವನ್ನು ದಿನವೂ ತೆಗೆಯಬೇಕು. ಇಲ್ಲವಾದರೆ ನೀರು ಕಟ್ಟಿ ಏರಿಗೇ ಅಪಾಯ. ಮಳೆಯ ರಭಸ ಇಳಿದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮರಿ ಬಿಡುವುದು ಇನ್ನೂ ಕ್ಷೇಮ.

ಎರಡು, ಹೂವಿನ ನೀರಾವರಿ. ಫೆಬ್ರುವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ತುಂತುರು ನೀರಾವರಿ ಮಾಡುವಾಗ ಕೆರೆಯ ನೀರು ದಿಢೀರನೆ ಇಳಿಯುತ್ತದೆ. ಹತ್ತು ಎಕರೆಗೆ ಒಂದೂವರೆ ಅಂಗುಲ ನೀರು ಕೊಟ್ಟರೆ, ಒಂದು ಎಕರೆ ವಿಸ್ತಾರದ ಕೆರೆಯಲ್ಲಿ ಒಂದೂಕಾಲು ಅಡಿ ನೀರು ಇಳಿಯುತ್ತದೆ. ಇಪ್ಪತ್ತೈದು ಎಕರೆಗೆ ಹೂವಿನ ನೀರು ಒಂದೂವರೆ ಅಂಗುಲ, ಹಿಂಬಾಲಿಕೆಯ ನೀರು ಒಂದು ಅಂಗುಲ ಕೊಟ್ಟರೆ ಐದು ಅಡಿಗೂ ಹೆಚ್ಚು ಇಳಿಯುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕಿಕೊಂಡು, ಹೆಚ್ಚಿನ ಮೀನನ್ನು ಪಂಪು ಹೂಡುವ ಮುನ್ನವೇ ಹಿಡಿಯಬೇಕು. ಉಳಿಸಿಕೊಳ್ಳುವ ಮೀನಿಗಾಗಿ ಕೆರೆಯ ಒಂದು ಮೂಲೆಯಲ್ಲಿ ಐದಾರು ಅಡಿ ಆಳದ ಗುಂಡಿ ಇರಬೇಕು. ಫುಟ್‌ವಾಲ್ವಿಗೆ ಸಣ್ಣ ಕಣ್ಣಿನ ಜಾಲರಿ ಸುತ್ತಿದರೆ ಮರಿಗಳು ಪಂಪಿಗೆ ಸಿಕ್ಕಿ ಸಾಯುವುದಿಲ್ಲ.

ಮೂರು, ಪಲ್ಪಿಂಗ್ ನೀರು. ಕಾಫಿ ಹಣ್ಣಿನ ಸಿಪ್ಪೆ ಮತ್ತು ಲೋಳೆ ಕಲೆತ ನೀರು ಕೊಳೆಯುವಾಗ ಕೆರೆ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಾದರೂ ಬೇಕು. ಕಡಿಮೆಯಾದರೆ ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುತ್ತವೆ. ಇನ್ನೂ ಕಡಿಮೆಯಾದರೆ ಒಟ್ಟಿಗೇ ಸಾಯುತ್ತವೆ. ಮುಗುಡು ಮತ್ತು ಅವಲು ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ಬದುಕುತ್ತವೆ. ಆದ್ದರಿಂದ ಜನವರಿ–ಫೆಬ್ರುವರಿಯಲ್ಲಿ ಬಲೆಗೂ ಗಾಳಕ್ಕೂ ಈ ಎರಡೇ ಸಿಗುತ್ತಿದ್ದರೆ, ಮೇಲಿನಿಂದ ಪಲ್ಪಿಂಗ್ ನೀರು ಬಂದಿತೆ ಎಂದು ಮೊದಲು ವಿಚಾರಿಸಬೇಕು. ಈ ನೀರನ್ನು ತೋಡಿಗೆ ಬಿಡದೆ ಪ್ರತ್ಯೇಕ ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಶುದ್ಧೀಕರಿಸಿಯೇ ಬಳಸಬೇಕು. ಕೆಳಗಿನ ಕೆರೆಯ ಮೀನು ಉಳಿಯುವುದು ಮೇಲಿನ ತೋಟದವರ ಈ ಎಚ್ಚರಿಕೆಯಿಂದ. ಕ್ರಿಮಿನಾಶಕದ ಡಬ್ಬಿ, ಸ್ಪ್ರೇಯರುಗಳನ್ನು ಕೆರೆಯಲ್ಲಿ ತೊಳೆಯುವುದೂ ಅಷ್ಟೇ ಹಾನಿಕರ.

ನಾಲ್ಕು, ನೀರುನಾಯಿ, ನೀರುಕಾಗೆ ಮತ್ತು ಅವಲು. ಮೂರು ನಾಲ್ಕು ಅಂಗುಲಕ್ಕಿಂತ ಸಣ್ಣ ಮರಿ ಬಿಟ್ಟರೆ ಇವುಗಳಿಗೆ ಆಹಾರ ಒದಗಿಸಿದಂತೆ. ಮರಿ ಅಗ್ಗವೆಂದು ಚಿಕ್ಕದನ್ನು ಕೊಳ್ಳುವುದು ಲಾಭದಾಯಕವಲ್ಲ.

ಬಿತ್ತನೆ

ಮಲೆನಾಡಿನ ಕೆಂಪು ಮಣ್ಣಿನ ಕೆರೆಗಳ ನೀರು ಸಾಮಾನ್ಯವಾಗಿ ಹುಳಿ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿಯ ಪ್ರಮಾಣಕ್ಕೆ ತಕ್ಕಂತೆ ಎಕರೆಗೆ 200ರಿಂದ 400 ಕಿಲೋ ಸುಣ್ಣವನ್ನು ಮರಿ ಬಿಡುವ ಎರಡು ವಾರ ಮುಂಚೆ ಹಾಕಬೇಕು. ಕುಡಿಯಲು ಬಳಸದ ಕೆರೆಯಾದರೆ ಸಗಣಿ ಗೊಬ್ಬರವನ್ನೂ ಮಿತವಾಗಿ ಹಾಕಬಹುದು. ಮೇವು ಕೊಡದೆ ಬಿಡುವ ಕೆರೆಗೆ ಎಕರೆಗೆ 800ರಿಂದ 1000 ಮರಿ ಸಾಕು. ತೌಡು ಮತ್ತು ಕಡಲೆಕಾಯಿ ಹಿಂಡಿ ಕೊಡುವವರು 2000ದವರೆಗೆ ಬಿಡಬಹುದು. ನೂರು ಮರಿಗಳಲ್ಲಿ 40 ಕಾಟ್ಲಾ, 30 ರೋಹು, 30 ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಇದ್ದರೆ ಕೆರೆಯ ಮೇಲಿನ, ನಡುವಿನ ಮತ್ತು ತಳದ ಆಹಾರ ಮೂರೂ ಬಳಕೆಯಾಗುತ್ತದೆ. ಗಾಳದ ಹವ್ಯಾಸವೇ ಮುಖ್ಯವಾದವರು ಕಾಟ್ಲಾ ಕಡಿಮೆ ಮಾಡಿ ರೋಹು ಮತ್ತು ಗೆಂಡೆಯನ್ನು ಹೆಚ್ಚಿಸಿಕೊಳ್ಳಬಹುದು. ಈ ಮೀನುಗಳು 25ರಿಂದ 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಘಟ್ಟದ ಮೇಲಿನ ನೀರು ತಂಪಾದ್ದರಿಂದ ಮೈದಾನದ ಕೆರೆಗಳ ಬೆಳವಣಿಗೆಯನ್ನು ಇಲ್ಲಿ ನಿರೀಕ್ಷಿಸಬಾರದು.

ಗಾಳ ಹಾಕುವವರಿಗೆ

ಚಳಿಗಾಲದಲ್ಲಿ ಬಿಸಿಲೇರಿ ನೀರು ಬೆಚ್ಚಗಾದ ಮೇಲೆ, ಬೇಸಿಗೆಯಲ್ಲಿ ಮುಂಜಾನೆ ಮತ್ತು ಸಂಜೆಗೆ ಮುಂಚೆ ಮೀನು ಮೇವಿಗೆ ಬರುತ್ತದೆ. ಗೆಂಡೆ ಮತ್ತು ಮೃಗಾಲ್‌ಗೆ ತಳ ಮುಟ್ಟುವಂತೆ ರಾಗಿ ಹಿಟ್ಟಿನ ಉಂಡೆ ಅಥವಾ ಎರೆಹುಳು. ರೋಹುವಿಗೆ ಬೆಂಡು ಕಟ್ಟಿ ನಡುನೀರಿನಲ್ಲಿ ತೌಡು, ಹಿಂಡಿ ಕಲಸಿದ ಹಿಟ್ಟು. ಹುಲ್ಲುಗೆಂಡೆಗೆ ಎಳೆ ಹುಲ್ಲು. ಅವಲಿಗೆ ಸಣ್ಣ ಮೀನು ಸೂಕ್ತ. ಎರಡು ದಿನ ಮುಂಚೆಯೇ ಒಂದೇ ಜಾಗದಲ್ಲಿ ಸ್ವಲ್ಪ ತೌಡು ಹಾಕಿ ಅಭ್ಯಾಸ ಮಾಡಿಸಿದರೆ ಮೀನು ಅಲ್ಲಿಗೆ ಕೂಡುತ್ತದೆ. ಆಲೂರು, ಸಕಲೇಶಪುರದ ಕಡೆ ಕಾಡಾನೆಗಳು ನೀರಿಗೆ ಬರುವುದರಿಂದ ಹೊತ್ತು ಮುಳುಗಿದ ಮೇಲೆ ಕೆರೆಯ ಬಳಿ ಇರಬಾರದು.

ಮುಂಗಾರಿನ ಆರಂಭದಲ್ಲಿ ಹತ್ತುಮೀನಿಗೆ ತೋಡಿನ ಅಡ್ಡಲಾಗಿ ಕೂಣಿ ಒಡ್ಡುವುದು ಹಳೆಯ ರೂಢಿ. ಆಗ ಸಿಗುವುದು ಮೊಟ್ಟೆ ತುಂಬಿದ ತಾಯಿ ಮೀನು. ತೋಡನ್ನು ಪೂರ್ತಿ ಮುಚ್ಚಿ ಹಿಡಿದರೆ ಮುಂದಿನ ವರ್ಷದ ಮೀನನ್ನೂ ಹಿಡಿದಂತೆಯೇ. ತೋಟೆ ಸಿಡಿಸುವುದು, ನೀರಿಗೆ ವಿಷ ಬೆರೆಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಹೇಮಾವತಿ ಜಲಾಶಯ

ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಿಂದೆ ನಿಂತಿರುವ ಹೇಮಾವತಿ ಜಲಾಶಯ ಈ ಭಾಗದ ಅತಿ ದೊಡ್ಡ ನೀರು; ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಿದವರಿಗೆ ಇಲ್ಲಿ ನೀರಿನ ಏರಿಳಿತ ಎಷ್ಟೆಂದು ತಿಳಿಯುತ್ತದೆ. ಅಂಚಿನಲ್ಲಿ ಜಲಸಸ್ಯ ನೆಲೆಯೂರಲು ಈ ಏರಿಳಿತ ಬಿಡುವುದಿಲ್ಲ. ಅಂಚಿನ ಆಳವಿಲ್ಲದ ನೀರಿನಲ್ಲಿಟ್ಟ ಮೊಟ್ಟೆಗಳು ಒಣಗಿಹೋಗುವುದೂ ಉಂಟು. ಆದ್ದರಿಂದ ಇಂಥ ಜಲಾಶಯದಲ್ಲೂ ಮೀನಿನ ಸಂಖ್ಯೆ ಬಹುಮಟ್ಟಿಗೆ ಬಿತ್ತನೆಯನ್ನೇ ಅವಲಂಬಿಸುತ್ತದೆ. ಹಿನ್ನೀರು ಹೊಸದಾಗಿ ಹುಲ್ಲುಗಾವಲಿನ ಮೇಲೆ ಏರುವಾಗ ಹುಳುಹುಪ್ಪಟೆ ತಿನ್ನಲು ಮೀನು ದಡಕ್ಕೆ ಬರುತ್ತದೆ. ಗಾಳಕ್ಕೆ ಅದು ಒಳ್ಳೆಯ ಸಮಯ. ಜಲಾಶಯದಲ್ಲಾಗಲಿ ಗುತ್ತಿಗೆಯ ಕೆರೆಯಲ್ಲಾಗಲಿ ಮೀನು ಹಿಡಿಯುವವರು ಮೀನುಗಾರಿಕೆ ಇಲಾಖೆಯ ಅಥವಾ ಗುತ್ತಿಗೆದಾರರ ಅನುಮತಿ ಪಡೆಯಬೇಕು.

ಹೊರಗಿನ ಮೀನು ಬೇಡ

ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಷ್ ತಂದು ಬಿಡುವವರಿದ್ದಾರೆ. ಇದರ ಸಾಕಣೆಗೆ ಸರ್ಕಾರದ ನಿಷೇಧವಿದೆ. ಮಳೆಗಾಲದಲ್ಲಿ ಕೋಡಿ ದಾಟಿ ಹೊಳೆ ಸೇರಿದರೆ ಅದು ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತದೆ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ವರ್ಷಕ್ಕೆ ಹಲವು ಸಲ ಮರಿ ಮಾಡಿ ಕೆರೆ ತುಂಬುತ್ತದೆ. ಆದರೆ ಗಿಜಿಗುಟ್ಟಿ ಯಾವುದೂ ಅಂಗೈಯಗಲ ಮೀರುವುದಿಲ್ಲ.

ಕಾವೇರಿಯ ಮಹಸೀರ್ ಕಲಿಸುವ ಪಾಠ ಇನ್ನೂ ದೊಡ್ಡದು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಸೀರ್ ಗಾಳಕ್ಕೆ ಸಿಕ್ಕಿತ್ತು. 1970ರ ದಶಕದ ಕೊನೆಯಿಂದ, ಒಳ್ಳೆಯ ಉದ್ದೇಶದಿಂದಲೇ, ಹೊರಗಿನ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಕ್ರಮೇಣ ಗಾಳಕ್ಕೆ ಸಿಗುವುದು ಬಹುಪಾಲು ಅದೇ ಆಯಿತು. ಕಾವೇರಿಗೇ ಸೇರಿದ ಗೂನುಬೆನ್ನಿನ ಮಹಸೀರ್ ವಿರಳವಾಯಿತು. ಗಾಳಗಾರರು ಬರೆದಿಟ್ಟ ಲೆಕ್ಕಗಳಿಂದಲೇ ಈ ಬದಲಾವಣೆ ಬೆಳಕಿಗೆ ಬಂದದ್ದು. ಗೂನುಬೆನ್ನಿನ ಮಹಸೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿತು. ಮಾರನಹಳ್ಳಿಯಂಥ ಕಡೆ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ನದಿಗಳ ಮೀನುಗಳಿವೆ. ಕೆಂಪುಹೊಳೆಯ ಮೀನನ್ನು ಹೇಮಾವತಿಯ ಕಡೆಗಾಗಲಿ, ಹೇಮಾವತಿಯದನ್ನು ಈ ಕಡೆಗಾಗಲಿ ಸಾಗಿಸಿ ಬಿಡಬಾರದು.

ವರ್ಷದ ಲೆಕ್ಕ

ಒಂದು ನೋಟುಪುಸ್ತಕದಲ್ಲಿ ಬಿಟ್ಟ ಮರಿ ಎಷ್ಟು, ಎಣಿಕೆಯಲ್ಲಿ ಉಳಿದದ್ದೆಷ್ಟು, ಗಾಳ ಹಾಕಿದ ಗಂಟೆಗಳೆಷ್ಟು, ಸಿಕ್ಕ ಮೀನಿನ ಜಾತಿ ಮತ್ತು ಉದ್ದವೇನು ಎಂದು ಬರೆದಿಡಬೇಕು. ಹಿಂದೆ ಹೇಳಿದ 300 ಮೀನಿನ ಕೆರೆಯಲ್ಲಿ ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ವಾರಕ್ಕೆ ಐದರಂತೆ ಗಾಳದಿಂದ ಹಿಡಿದರೆ ಸುಮಾರು 80 ಮೀನು ಮನೆಗೆ ಆಗುತ್ತದೆ. ಉಳಿದ 220ರಲ್ಲಿ ಆಳದ ಗುಂಡಿ ತಾಳುವಷ್ಟನ್ನು ಬಿಟ್ಟು ಮಿಕ್ಕವನ್ನು ಹೂವಿನ ನೀರಾವರಿಗೆ ಮುಂಚೆ ಬಲೆಯಿಂದ ಹಿಡಿದು ಮಾರಬಹುದು. ಗಂಟೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಹೆಚ್ಚು ಮರಿ ಕೊಳ್ಳುವ ಮುನ್ನ ಕೋಡಿ, ನೀರಿನ ಆಳ ಮತ್ತು ಪಲ್ಪಿಂಗ್ ನೀರು ಈ ಮೂರನ್ನು ಪರಿಶೀಲಿಸಬೇಕು. ಮರಿಗಳ ಲಭ್ಯತೆ ಮತ್ತು ಕೆರೆಯ ಪರೀಕ್ಷೆಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಜೂನ್ ತಿಂಗಳಲ್ಲೇ ಸಂಪರ್ಕಿಸುವುದು ಒಳ್ಳೆಯದು.