ಹನ್ನೆರಡು ದಾಸಿಯರು ಕೇಳುವ ಪ್ರಶ್ನೆ

ಗ್ರೀಕ್ ಮಹಾಕವಿ ಹೋಮರನ ‘ಒಡಿಸ್ಸಿ’ ಕಾವ್ಯದ ಕಥೆ ನಿಮ್ಮಲ್ಲಿ ಅನೇಕರಿಗೆ ತಿಳಿದಿರಬಹುದು. ಟ್ರಾಯ್ ಯುದ್ಧಕ್ಕೆ ಹೋದ ಒಡಿಸ್ಯೂಸ್ 20 ವರ್ಷಗಳ ಅನಂತರ ತನ್ನ ಇಥಾಕಾ ದ್ವೀಪಕ್ಕೆ ಮರಳುತ್ತಾನೆ. ಪತ್ನಿ ಪೆನೆಲೊಪಿಯನ್ನು ವರಿಸಬೇಕೆಂದು ಅರಮನೆಯಲ್ಲಿ ಬೀಡುಬಿಟ್ಟಿದ್ದ 108 ಮಂದಿಯನ್ನು ಮಗನ ನೆರವಿನಿಂದ ಸಂಹರಿಸುತ್ತಾನೆ. ಇಷ್ಟು ಎಲ್ಲರ ನೆನಪಿನಲ್ಲೂ ಉಳಿಯುತ್ತದೆ. ಆದರೆ ಕಾವ್ಯದ 22ನೆಯ ಸರ್ಗದಲ್ಲಿ ಇನ್ನೊಂದು ಘಟನೆಯಿದೆ. ಆ ಪುರುಷರೊಡನೆ ಸಂಬಂಧವಿಟ್ಟುಕೊಂಡರೆಂದು 12 ದಾಸಿಯರಿಂದ ಮೊದಲು ಹೆಣಗಳನ್ನು ಹೊರಿಸಿ, ನೆತ್ತರನ್ನು ತೊಳೆಸಿ, ಬಳಿಕ ಹಡಗಿನ ಹಗ್ಗದಿಂದ ನೇಣು ಹಾಕಲಾಗುತ್ತದೆ. ಅವರ ವಿವರಣೆಯನ್ನು ಯಾರೂ ಕೇಳುವುದಿಲ್ಲ.

ವಿಚಿತ್ರವೆಂದರೆ, ಅದೇ ಸರ್ಗದ ಆರಂಭದಲ್ಲಿ ಒಡಿಸ್ಯೂಸನೇ ಆ ಪುರುಷರು ದಾಸಿಯರನ್ನು ಬಲಾತ್ಕರಿಸಿದರೆಂದು ಆಪಾದಿಸಿರುತ್ತಾನೆ. ಹಾಗಾದರೆ ದಾಸಿಯರ ಅಪರಾಧವಾದರೂ ಏನು? ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ 2005ರಲ್ಲಿ ಪ್ರಕಟಿಸಿದ ‘ಪೆನೆಲೊಪಿಯಡ್’ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಅಲ್ಲಿ ಪೆನೆಲೊಪಿ ಪಾತಾಳಲೋಕದಿಂದ ತನ್ನ ಕಥೆ ಹೇಳುತ್ತಾಳೆ. ದಾಸಿಯರು ಮೇಳವಾಗಿ ನಡುನಡುವೆ ಹಾಡುತ್ತ ಅವಳನ್ನು ಬಿಡದೆ ಕಾಡುತ್ತಾರೆ. ಇಲ್ಲಿ ಪೆನೆಲೊಪಿಯೂ ಪೂರ್ಣ ನಿರ್ದೋಷಿಯಲ್ಲ. ಆ ಪುರುಷರ ಗುಟ್ಟು ತಿಳಿದು ಬರಲೆಂದು ದಾಸಿಯರನ್ನು ಕಳುಹಿಸಿದವಳು ಅವಳೇ.

ಭಾಷಾಂತರವೂ ಇಲ್ಲಿ ಮುಖ್ಯವಾಗುತ್ತದೆ. ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಗಲ್ಲಿಗೇರುವ ದಾಸಿಯರನ್ನು ವೇಶ್ಯೆಯರೆಂದು ಜರೆಯಲಾಗಿದೆ. ಮೂಲದ ಆ ಸಾಲಿನಲ್ಲಿ ಇರುವುದು ‘ಆ ಹೆಂಗಸರು’ ಎಂಬಷ್ಟೇ ಅರ್ಥದ ಪದ. 2017ರಲ್ಲಿ ‘ಒಡಿಸ್ಸಿ’ಯನ್ನು ಇಂಗ್ಲಿಷಿಗೆ ತಂದ ಎಮಿಲಿ ವಿಲ್ಸನ್ ಇದನ್ನು ಎತ್ತಿ ತೋರಿಸಿದರು. ಒಂದು ಬೈಗುಳ ಸೇರಿದರೆ ಸಾಕು, ಓದುಗನ ಕನಿಕರ ದೂರ ಸರಿಯುತ್ತದೆ.

ಹೋಮರನ ಇನ್ನೊಂದು ಕಾವ್ಯ ‘ಇಲಿಯಡ್’ನಲ್ಲಿ ಅಕಿಲೀಸ್ ಮತ್ತು ಅಗಮೆಮ್ನಾನ್ ಜಗಳವಾಡುವುದು ಬ್ರಿಸೇಯಿಸ್ ಎಂಬ ಸೆರೆಯಾಳಿಗಾಗಿ. ಇಡೀ ಕಾವ್ಯದಲ್ಲಿ ಅವಳು ಮಾತಾಡುವುದು ಒಂದೇ ಬಾರಿ, 19ನೆಯ ಸರ್ಗದಲ್ಲಿ. ತನ್ನ ಗಂಡನೂ ಮೂವರು ಸೋದರರೂ ಯುದ್ಧದಲ್ಲಿ ಮಡಿದರೆಂದು ಅವಳು ಅಳುತ್ತಾಳೆ. ಗಂಡನನ್ನು ಕೊಂದವನು ಅವಳ ಒಡೆಯ ಅಕಿಲೀಸನೇ. ಬ್ರಿಟನ್ನಿನ ಪ್ಯಾಟ್ ಬಾರ್ಕರ್ 2018ರ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ ಕಾದಂಬರಿಯ ಬಹುಭಾಗವನ್ನು ಇವಳ ಬಾಯಿಂದಲೇ ಹೇಳಿಸಿದ್ದಾರೆ. ವೀರರ ಶಿಬಿರ ಅವಳ ಕಣ್ಣಿಗೆ ಸೆರೆಮನೆಯಾಗಿ ಕಾಣುತ್ತದೆ.

ಇಂದಿನ ವಿಚಾರಗಳನ್ನು ಹಳೆಯ ಕಾವ್ಯದ ಮೇಲೆ ಹೇರುವುದು ಸರಿಯೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆದರೆ ಪುರಾಣವನ್ನು ಮರುನಿರೂಪಿಸುವುದು ಗ್ರೀಕರದೇ ಪರಿಪಾಠ. ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 415ರಲ್ಲೇ ‘ಟ್ರಾಯ್‌ನ ಸ್ತ್ರೀಯರು’ ನಾಟಕದಲ್ಲಿ ಸೋತ ನಗರದ ಹೆಂಗಸರನ್ನು ರಂಗದ ನಡುವೆ ನಿಲ್ಲಿಸಿದ್ದ. ಹೋಮರನೂ ಅವರನ್ನು ಪೂರ್ಣವಾಗಿ ಮರೆತಿರಲಿಲ್ಲ. ಬ್ರಿಸೇಯಿಸ್ ಅಳುವಾಗ ಉಳಿದ ಸೆರೆಯಾಳುಗಳೂ ಸತ್ತ ವೀರನ ನೆಪದಲ್ಲಿ ತಂತಮ್ಮ ದುಃಖಕ್ಕಾಗಿಯೇ ಅಳುತ್ತಾರೆಂದು ಅವನು ಹೇಳುತ್ತಾನೆ. ಹೊಸ ಲೇಖಕಿಯರು ಅಗೆಯುತ್ತಿರುವುದು ಅವನೇ ಬಿಟ್ಟುಹೋದ ಇಂಥ ಬಿರುಕುಗಳನ್ನು.

ಇಲ್ಲಿ ಒಂದು ಎಚ್ಚರವೂ ಬೇಕು. ಹಿಂದೆ ಮೂಕರಾಗಿದ್ದವರನ್ನೆಲ್ಲ ಈಗ ಕಳಂಕವಿಲ್ಲದ ನಾಯಕಿಯರನ್ನಾಗಿ ಮಾಡಿದರೆ ಅದೂ ಅರ್ಧಸತ್ಯವೇ. ಅಟ್‌ವುಡ್ ಪೆನೆಲೊಪಿಯ ತಪ್ಪನ್ನು ಮುಚ್ಚಿಡದಿರುವುದರಿಂದಲೇ ಆ ಕೃತಿಗೆ ಬಲ ಬಂದಿದೆ.

ಆದ್ದರಿಂದ ವಿದ್ಯಾರ್ಥಿಗಳು ಹೊಸ ಕಾದಂಬರಿಯನ್ನು ಓದಿದ ಮೇಲೆ ಹಳೆಯ ಕಾವ್ಯಕ್ಕೂ ಹಿಂತಿರುಗಬೇಕು. ಪ್ರತಿ ಪ್ರಸಂಗದಲ್ಲೂ ಮಾತಾಡುವವರು ಯಾರು, ಯಾರ ಪರವಾಗಿ ಬೇರೆಯವರು ಮಾತಾಡುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಆ 12 ಮಂದಿಗೆ ಕಾವ್ಯ ಕೊಟ್ಟಿರುವುದು ಕೆಲವೇ ಸಾಲುಗಳನ್ನು. ಆ ಸಾಲುಗಳ ಬಳಿ ಒಮ್ಮೆ ನಿಂತು ಓದಿದವರಿಗೆ ಒಡಿಸ್ಯೂಸನ ವಿಜಯ ಮೊದಲಿನಷ್ಟು ಸರಳವಾಗಿ ಕಾಣುವುದಿಲ್ಲ.