ಅಸ್ ಕಂಡಲ್ಲೆಲ್ಲ ಐ ಅಲ್ಲ

ಶಾಲೆಯ ಇಂಗ್ಲಿಷ್ ವ್ಯಾಕರಣದಲ್ಲಿ ಬಹುವಚನದ ಪಾಠ ಒಂದು ಪಟ್ಟಿಗೆ ಬಂದು ನಿಲ್ಲುತ್ತದೆ. ಮ್ಯಾನ್–ಮೆನ್, ಫುಟ್–ಫೀಟ್, ಚೈಲ್ಡ್–ಚಿಲ್ಡ್ರನ್, ಕ್ಯಾಕ್ಟಸ್–ಕ್ಯಾಕ್ಟೈ, ಕ್ರೈಸಿಸ್–ಕ್ರೈಸೀಸ್, ಫಿನಾಮಿನನ್–ಫಿನಾಮಿನಾ. ಕೊನೆಗೆ ಎಸ್ ಹಚ್ಚಿದರೆ ಸಾಲದ ಪದಗಳನ್ನೆಲ್ಲ ಅಲ್ಲಿ ಒಟ್ಟಿಗೆ ಕೂಡಿಹಾಕಿರುತ್ತಾರೆ. ಬಾಯಿಪಾಠ ಮಾಡಬೇಕು, ಅಷ್ಟೆ. ಹೀಗೇಕೆ ಎಂದು ಕೇಳಿದವರಿಗೆ ಸಿಗುವ ಉತ್ತರವೂ ಒಂದೇ: ಇವು ಲ್ಯಾಟಿನ್, ಗ್ರೀಕಿನಿಂದ ಬಂದ ಪದಗಳು. ಈ ಉತ್ತರ ಅರ್ಧ ತಪ್ಪು. ಆ ಅರ್ಧ ತಪ್ಪಿನಿಂದ ಇನ್ನೊಂದು ದೊಡ್ಡ ತಪ್ಪು ಹುಟ್ಟಿದೆ. ಮೂಲ ಭಾಷೆಯ ಬಹುವಚನವೇ ಶುದ್ಧ, ಎಸ್ ಹಚ್ಚಿದ್ದು ಅರೆಬರೆ ಓದಿದವರ ರೂಪ ಎಂಬ ನಂಬಿಕೆ ಅದು. ಆಕ್ಟೋಪಸ್ಸಿಗೆ ‘ಆಕ್ಟೋಪೈ’ ಎನ್ನುವವರ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಕೇಳಿಸುವುದು ಇದರಿಂದಲೇ. ಲ್ಯಾಟಿನ್ ಬಲ್ಲವರ ಕಿವಿಗೆ ಆ ಹೆಮ್ಮೆ ತಮಾಷೆಯಾಗಿ ಕೇಳಿಸುತ್ತದೆ.

ಮೊದಲು ಪಟ್ಟಿಯ ಹಳೆಯ ಪದಗಳನ್ನೇ ನೋಡೋಣ. ಮೆನ್, ಫೀಟ್, ಗೀಸ್, ಮೈಸ್ ಇವು ಯಾವುವೂ ರೋಮಿನ ಮುಖ ಕಂಡವಲ್ಲ. ಜರ್ಮನಿಕ್ ಬುಡಕಟ್ಟುಗಳ ಬಾಯಲ್ಲಿ ಬೆಳೆದು, ಅವರ ಜೊತೆಗೇ ಇಂಗ್ಲೆಂಡಿಗೆ ಬಂದ ಮನೆಮಾತಿನ ಪದಗಳು. ಬರವಣಿಗೆಗೆ ಮೊದಲಿನ ಕಾಲದಲ್ಲಿ ‘ಫೋಟ್’ ಎಂಬುದರ ಬಹುವಚನಕ್ಕೆ ಕೊನೆಯಲ್ಲಿ ಒಂದು ಇಕಾರವಿತ್ತು, ಹೆಚ್ಚುಕಡಿಮೆ ‘ಫೋಟಿ’. ಮುಂದೆ ಬರಲಿರುವ ಇಕಾರಕ್ಕೆ ನಾಲಗೆ ಮೊದಲೇ ಸಿದ್ಧವಾಗತೊಡಗಿ, ನಡುವಿನ ಓಕಾರ ಮುಂದಕ್ಕೆ ಜರುಗಿ ಏಕಾರವಾಯಿತು. ಆಮೇಲೆ ಕೊನೆಯ ಇಕಾರ ಸವೆದುಹೋಯಿತು, ಅದು ಮಾಡಿಟ್ಟ ಬದಲಾವಣೆ ಉಳಿಯಿತು. ಕನ್ನಡದ ಕಿವಿಗೆ ಇದೇನೂ ಅಪರಿಚಿತವಲ್ಲ. ನಾವಿಂದು ‘ಕೊಡು’ ಎನ್ನುವುದು ಹಳಗನ್ನಡದಲ್ಲಿ ‘ಕುಡು’ ಆಗಿತ್ತಲ್ಲ, ಅಲ್ಲೂ ಮುಂದಿನ ಉಕಾರ ಹಿಂದಿನ ಒಕಾರವನ್ನು ತನ್ನ ಎತ್ತರಕ್ಕೆ ಎಳೆದುಕೊಂಡಿದೆ. ಹಾಗಾಗಿ ಫೀಟ್ ಎಂಬುದು ಅಪವಾದವಲ್ಲ. ಕಾಲವಾದ ಒಂದು ನಿಯಮದ ಉಳಿಕೆ. ಮೌಸ್ ಮೈಸ್ ಆದರೂ ಹೌಸ್ ‘ಹೈಸ್’ ಆಗಲಿಲ್ಲ, ಏಕೆಂದರೆ ಹೌಸ್ ನಪುಂಸಕ ಲಿಂಗದ ಬೇರೆಯೇ ಗುಂಪಿನದು; ಅದರ ಬಹುವಚನಕ್ಕೆ ಯಾವ ಪ್ರತ್ಯಯವೂ ಇರಲಿಲ್ಲ. ಶೀಪ್, ಡೀರ್ ಈಗಲೂ ಬದಲಾಗದೆ ನಿಂತಿರುವುದು ಅದೇ ಗುಂಪಿನ ನೆನಪಿನಲ್ಲಿ.

ಚಿಲ್ಡ್ರನ್ ಕತೆ ಇನ್ನೂ ಸ್ವಾರಸ್ಯದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ರಕಾರವುಳ್ಳ ಬಹುವಚನವಿತ್ತು. ಅದು ಸವೆದು ‘ಚಿಲ್ಡರ್’ ಆಯಿತು. ಕಾಲಾಂತರದಲ್ಲಿ ಆ ರಕಾರ ಬಹುವಚನದ ಗುರುತು ಎಂಬುದೇ ಜನಕ್ಕೆ ಮರೆತುಹೋಗಿ, ಆಕ್ಸನ್ ಎಂಬಲ್ಲಿರುವ ‘ಅನ್’ ಅನ್ನು ಅದರ ಮೇಲೆ ಇನ್ನೊಮ್ಮೆ ಹಚ್ಚಿದರು. ಎರಡು ಬಾರಿ ಬಹುವಚನವಾದ ಪದ ಅದು. ಇನ್ನೊಂದು ಕಡೆ, ಬುಕ್ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಫೀಟ್ ಮಾದರಿಯದೇ ಬಹುವಚನವಿತ್ತು. ಅದು ಬದುಕಿದ್ದರೆ ಇವತ್ತು ಗ್ರಂಥಾಲಯದ ತುಂಬ ‘ಬೀಚ್’ ಇರುತ್ತಿತ್ತೋ ಏನೋ. ಎಸ್ ಎಂಬುದು ಆ ಕಾಲದ ಹಲವು ಬಹುವಚನಗಳಲ್ಲಿ ಒಂದು ಮಾತ್ರ. ಅದು ನಿಧಾನವಾಗಿ ಉಳಿದವನ್ನೆಲ್ಲ ನುಂಗಿತು. ನಿತ್ಯ ಬಾಯಲ್ಲಿ ಹೊರಳುವ ಕಾಲು, ಹಲ್ಲು, ಇಲಿ, ಎತ್ತು, ಮಕ್ಕಳಂಥ ಕೆಲವೇ ಪದಗಳು ಅದರ ಕೈಗೆ ಸಿಗದೆ ಉಳಿದವು.

ಇನ್ನು ನಿಜವಾಗಿಯೂ ಲ್ಯಾಟಿನ್, ಗ್ರೀಕಿನಿಂದ ಬಂದವು. ಇಲ್ಲಿ ಜನರ ಸೂತ್ರ ಸರಳ: ಅಸ್ ಇದ್ದರೆ ಐ ಮಾಡು. ಕ್ಯಾಕ್ಟಸ್, ರೇಡಿಯಸ್, ಫಂಗಸ್, ಅಲುಮ್ನಸ್ ಇವುಗಳಿಗೆ ಸೂತ್ರ ಸರಿ. ಆದರೆ ಲ್ಯಾಟಿನ್ನಿನಲ್ಲಿ ಅಸ್ ಎಂದು ಕೊನೆಯಾಗುವ ಪದಗಳು ಬೇರೆ ಬೇರೆ ಗುಂಪಿನವು. ಎಲ್ಲಕ್ಕೂ ಒಂದೇ ಬಹುವಚನ ಎನ್ನುವುದು ಉಕಾರಾಂತವಾದ ಕಾರಣಕ್ಕೆ ಗುರು, ಮಧು, ಧೇನು ಮೂರೂ ಸಂಸ್ಕೃತದಲ್ಲಿ ಒಂದೇ ರೀತಿ ನಡೆಯುತ್ತವೆ ಎಂದಂತೆ. ಜೀನಸ್ಸಿಗೆ ಜೆನೆರಾ, ಕಾರ್ಪಸ್ಸಿಗೆ ಕಾರ್ಪೊರಾ. ಸ್ಟೇಟಸ್ ಲ್ಯಾಟಿನ್ನಿನಲ್ಲಿ ಬಹುವಚನದಲ್ಲೂ ಸ್ಟಾಟೂಸ್. ಕೊನೆಯ ಸ್ವರ ದೀರ್ಘವಾಗುತ್ತದೆ, ಅಷ್ಟೆ. ಆಕ್ಟೋಪಸ್ಸಂತೂ ಲ್ಯಾಟಿನ್ ವೇಷ ಹಾಕಿದ ಗ್ರೀಕ್ ಪದ. ‘ಒಕ್ಟೊ’ ನಮ್ಮ ಅಷ್ಟದ ಬಂಧು, ‘ಪೌಸ್’ ನಮ್ಮ ಪದದ ಬಂಧು. ಕನ್ನಡದ ಅಷ್ಟಪದಿ ಅದರ ನೇರ ಅನುವಾದ. ಅದರ ಗ್ರೀಕ್ ಬಹುವಚನ ಒಕ್ಟೊಪೊಡೆಸ್. ಕೊನೆಯ ಪಸ್ ಎಂಬುದು ಕಾಲೇ ಹೊರತು ಪ್ರತ್ಯಯವಲ್ಲ. ಅದನ್ನು ಕತ್ತರಿಸಿ ಐ ಅಂಟಿಸಿದರೆ ಪಾಪದ ಪ್ರಾಣಿಯ ಎಂಟು ಕಾಲಿಗೂ ಕತ್ತರಿ ಬಿದ್ದಂತೆ. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ನಿಘಂಟು ಬರೆದ ಫೌಲರ್ ಆಗಲೇ ಆಕ್ಟೋಪೈಯನ್ನು ತಳ್ಳಿಹಾಕಿದ್ದ.

ವೈರಸ್ಸಿನದು ಮತ್ತೊಂದು ಪಾಡು. ಲ್ಯಾಟಿನ್ನಿನ ವೀರುಸ್ ಎಂದರೆ ವಿಷ, ಲೋಳೆ. ಸಂಸ್ಕೃತದ ವಿಷಕ್ಕೂ ಅದಕ್ಕೂ ಬೇರು ಒಂದೇ. ಹಾಲು, ನೀರು, ವಿಷ ಇವನ್ನು ನಾವು ಎಣಿಸುವುದಿಲ್ಲ. ರೋಮನ್ನರೂ ವೀರುಸನ್ನು ಎಣಿಸಲಿಲ್ಲ. ಹಾಗಾಗಿ ಅದರ ಬಹುವಚನ ಅವರ ಬರವಣಿಗೆಯಲ್ಲಿ ಇಲ್ಲ. ಸೂತ್ರ ಹಿಡಿದು ಹೊರಟವರು ‘ವಿರಿ’ ಮಾಡಿದರೆ ಅದಕ್ಕೆ ಲ್ಯಾಟಿನ್ನಿನಲ್ಲಿ ಗಂಡಸರು ಎಂದು ಅರ್ಥ, ನಮ್ಮ ವೀರ ಎಂಬುದರ ನೆಂಟಪದ. ರೋಗಾಣುಗಳ ಬದಲಿಗೆ ವೀರರ ಗುಂಪು ಬಂದು ನಿಲ್ಲುತ್ತದೆ. ಇಗ್ನೊರೇಮಸ್ ಎಂಬುದು ನಾಮಪದವೇ ಅಲ್ಲ. ‘ನಮಗೆ ತಿಳಿಯದು’ ಎಂಬ ಕ್ರಿಯಾಪದ. ಸಾಕ್ಷ್ಯ ಸಾಲದ ದೂರಿನ ಮೇಲೆ ಇಂಗ್ಲೆಂಡಿನ ಪಂಚರು ಬರೆಯುತ್ತಿದ್ದ ಷರಾ ಅದು. 1615ರಲ್ಲಿ ಜಾರ್ಜ್ ರಗಲ್ ಕೇಂಬ್ರಿಜ್‌ನಲ್ಲಿ ಆಡಿಸಿದ ಪ್ರಹಸನದಲ್ಲಿ ಒಬ್ಬ ವಕೀಲನಿಗೆ ಆ ಹೆಸರಿಟ್ಟ. ದಡ್ಡ ಎಂಬ ಅರ್ಥ ಊರೆಲ್ಲ ಹಬ್ಬಿತು. ‘ತಿಳಿಯದು’ ಎಂಬುದಕ್ಕೆ ನಾಮಪದದ ಬಹುವಚನ ಹಚ್ಚಲು ಹೊರಟವರನ್ನು ಆ ಪದವೇ ವರ್ಣಿಸುತ್ತದೆ.

ಆದರೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಊರೂರಿಗೆ ಓಡಾಡುತ್ತಿದೆ. ಪ್ಯಾರಿಸ್ಸಿನಲ್ಲಿ 1828ರಲ್ಲಿ, ಲಂಡನ್ನಿನಲ್ಲಿ 1829ರಲ್ಲಿ ಕಾಸು ಕೊಟ್ಟವರನ್ನೆಲ್ಲ ಹತ್ತಿಸಿಕೊಳ್ಳುವ ಕುದುರೆ ಗಾಡಿ ಶುರುವಾಯಿತು. ಹೆಸರು ಆಮ್ನಿಬಸ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ‘ಎಲ್ಲರಿಗೂ’. ಆಮ್ನಿ ಎಂಬುದು ಎಲ್ಲ, ಬಸ್ ಎಂಬುದು ಬಹುವಚನದ ಚತುರ್ಥಿ ಪ್ರತ್ಯಯ. ‘ರಾಮಾಯ ರಾಮಾಭ್ಯಾಂ ರಾಮೇಭ್ಯಃ’ ಎಂದು ಒಪ್ಪಿಸುವಾಗ ಕೊನೆಯಲ್ಲಿ ಬರುವ ಭ್ಯಃ ಅದರ ಸೋದರ. ಪದ ಉದ್ದವಾಯಿತೆಂದು ಜನ ಎಲ್ಲರನ್ನೂ ಕೆಳಗಿಳಿಸಿ ಪ್ರತ್ಯಯವನ್ನಷ್ಟೇ ಇಟ್ಟುಕೊಂಡರು. ನಾವು ‘ಎಲ್ಲರಿಗೂ’ ಎಂಬುದರಲ್ಲಿ ‘ರಿಗೂ’ ಮಾತ್ರ ಉಳಿಸಿಕೊಂಡು ‘ರಿಗೂ ಬಂತು, ಹತ್ತಿ’ ಎಂದಂತೆ. ಆ ಚತುರ್ಥಿ ಬಹುವಚನಕ್ಕೆ ಇಂಗ್ಲಿಷು ಮತ್ತೆ ಬಹುವಚನ ಹಚ್ಚಿತು. ಕನ್ನಡ ಅದರ ಮೇಲೆ ತನ್ನ ‘ಗಳು’, ತನ್ನ ಚತುರ್ಥಿ ಎರಡನ್ನೂ ಹೇರಿ ‘ಬಸ್ಸುಗಳಿಗೆ’ ಎಂದಿತು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ಮೂಲನಿಷ್ಠೆಯೇ ಶುದ್ಧಿಯಾದರೆ ಈ ಪದವನ್ನು ಬಾಯಲ್ಲಿ ಹಾಕಿಕೊಳ್ಳುವಂತೆಯೇ ಇಲ್ಲ.

ಗ್ರೀಕಿನ ‘ಆನ್’ ಪದಗಳ ಮಾತೂ ಹೀಗೇ. ಕ್ರೈಟೀರಿಯನ್ ಕ್ರೈಟೀರಿಯಾ ಆಗುತ್ತದೆ. ಆದರೆ ಸ್ಟೋನಿ ಎಂಬ ವಿಜ್ಞಾನಿ 1891ರಲ್ಲಿ ಹೆಸರಿಟ್ಟ ಎಲೆಕ್ಟ್ರಾನ್ ‘ಎಲೆಕ್ಟ್ರಾ’ ಆಗಲಿಲ್ಲ. ಅಯಾನಿಗೆ ಗ್ರೀಕಿನ ಪ್ರಕಾರ ‘ಅಯೊಂಟ’ ಎನ್ನಬೇಕಾಗಿತ್ತು, ಯಾವ ರಸಾಯನಶಾಸ್ತ್ರಜ್ಞನೂ ಅನ್ನಲಿಲ್ಲ. ಡ್ರಾಮಾದ ಬಹುವಚನ ‘ಡ್ರಾಮಟ’ ಎಂದು ಯಾವ ರಂಗಕರ್ಮಿಯೂ ಹಟ ಹಿಡಿದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬಂದೇ ಬರುತ್ತದೆ: ಕೊಟ್ಟ ಭಾಷೆಯ ವ್ಯಾಕರಣಕ್ಕೆ ಮರ್ಯಾದೆ ಬೇಡವೆ? ಡೇಟಾ ಬಹುವಚನ, ಡೇಟಮ್ ಏಕವಚನ. ಹಾಗಿರುವಾಗ ‘ಡೇಟಾ ಈಸ್’ ಎನ್ನುವುದು ಹೇಗೆ ಸರಿ? ಡೇಟಮ್ ಎಂದರೆ ಕೊಟ್ಟದ್ದು, ಸಂಸ್ಕೃತದ ದತ್ತ. ದತ್ತಾಂಶ ಎಂದು ಕನ್ನಡ ಮಾಡಿದವರು ಬೇರನ್ನೇ ಹಿಡಿದಿದ್ದಾರೆ. ಆದರೆ ಇದೇ ವಾದ ಮಾಡುವವರು ಸಭೆಯಲ್ಲಿ ‘ದಿ ಅಜೆಂಡಾ ಈಸ್’ ಎಂದು ನಿಶ್ಚಿಂತೆಯಿಂದ ಶುರು ಮಾಡುತ್ತಾರೆ. ಅಜೆಂಡಾ ಕೂಡ ಬಹುವಚನವೇ, ‘ಮಾಡಬೇಕಾದ ಕೆಲಸಗಳು’. ಸ್ಟ್ಯಾಮಿನಾವೂ ಬಹುವಚನ, ಅದರ ಏಕವಚನ ಸ್ಟೇಮನ್, ಎಂದರೆ ನೂಲಿನ ಎಳೆ. ನಿಷ್ಠೆ ಒಂದು ಪದಕ್ಕಿದ್ದು ಇನ್ನೊಂದಕ್ಕಿಲ್ಲ ಎಂದರೆ ಅದು ನಿಷ್ಠೆಯಲ್ಲ, ರೂಢಿ. ಹಾಗೆ ನೋಡಿದರೆ ಕನ್ನಡವೇ ಈ ಕೆಲಸ ನೂರಾರು ವರ್ಷದ ಹಿಂದೆ ಮಾಡಿ ಮುಗಿಸಿದೆ. ಸಂಸ್ಕೃತದ ಏಕವಚನ ವಿದ್ವಾನ್, ಬಹುವಚನ ವಿದ್ವಾಂಸಃ. ನಾವು ಆ ಬಹುವಚನದ ವಿಸರ್ಗ ಕಿತ್ತು ‘ಒಬ್ಬ ವಿದ್ವಾಂಸ’ ಎಂದೆವು. ಶ್ರೀಮಂತ, ಹನುಮಂತ, ಶ್ವಾನ ಇವೂ ಹೀಗೇ ಬಂದವೆಂದು ಕನ್ನಡ ವ್ಯಾಕರಣ ಪುಸ್ತಕಗಳ ತತ್ಸಮ ಪ್ರಕರಣ ಹೇಳುತ್ತದೆ. ‘ಒಂದು ಶ್ವಾನ’ ಎಂದರೆ ಪಾಣಿನಿಯ ಲೆಕ್ಕದಲ್ಲಿ ‘ಒಂದು ನಾಯಿಗಳು’. ವಿದ್ವಾಂಸರು ಎಂಬುದು ಥೇಟ್ ಚಿಲ್ಡ್ರನ್ ಥರದ ಇಮ್ಮಡಿ ಬಹುವಚನ. ಅದನ್ನು ತಪ್ಪೆನ್ನುವ ವಿದ್ವಾಂಸರು ಯಾರೂ ಇಲ್ಲ.

ಹಾಗಾದರೆ ಯಾರು ಏನು ಬರೆದರೂ ಸರಿಯೆ? ಅಲ್ಲ. ರೂಢಿ ಎಂದರೆ ಒಬ್ಬೊಬ್ಬರ ಇಷ್ಟವಲ್ಲ. ಹಳೆ ವಿದ್ಯಾರ್ಥಿಯೊಬ್ಬ ಅರ್ಜಿಯಲ್ಲಿ ತನ್ನನ್ನು ‘ಆ್ಯನ್ ಅಲುಮ್ನಿ’ ಎಂದುಕೊಂಡರೆ ಇವತ್ತಿನ ಎಚ್ಚರದ ಓದುಗನಿಗೆ ಅದು ತಪ್ಪೇ. ಕ್ರೈಟೀರಿಯಾವನ್ನು ಏಕವಚನ ಮಾಡಿದರೂ ಅಷ್ಟೆ. ಡೇಟಾ ನಡುದಾರಿಯಲ್ಲಿದೆ. ಪ್ರಯೋಗಾಲಯದ ಪ್ರಬಂಧಗಳಲ್ಲಿ ಇನ್ನೂ ಬಹುವಚನ. ಗಾರ್ಡಿಯನ್‌ನಂಥ ಪತ್ರಿಕೆಗೆ ಏಕವಚನ. ಕೆಲವೆಡೆ ಎರಡು ರೂಪಗಳೂ ಉಳಿದು ಕೆಲಸ ಹಂಚಿಕೊಂಡಿವೆ, ಅದು ನನಗೆ ಬಹಳ ಹಿಡಿಸುವ ಸಂಗತಿ. ಹುಳುವಿನ ಮೀಸೆಗಳು ಆಂಟೆನ್ನೀ, ಮಾಳಿಗೆಯ ಮೇಲಿನ ಕಂಬಿಗಳು ಆಂಟೆನಾಸ್. ಗಣಿತದಲ್ಲಿ ಇಂಡಿಸೀಸ್, ಪುಸ್ತಕದ ಕೊನೆಯಲ್ಲಿ ಇಂಡೆಕ್ಸಸ್. ಇನ್ನು ಕನ್ನಡ ಪತ್ರಿಕೆಗಳ ‘ಬ್ಯಾಕ್ಟೀರಿಯಾಗಳು’ ಕಂಡು ಮೂಗು ಮುರಿಯುವವರಿಗೆ ಹೇಳಬೇಕಾದ್ದಿಷ್ಟೆ: ಅದು ಈಗ ಇಂಗ್ಲಿಷ್ ವಾಕ್ಯದಲ್ಲಿಲ್ಲ, ಕನ್ನಡ ವಾಕ್ಯದಲ್ಲಿದೆ. ಬ್ಯಾಕ್ಟೀರಿಯಾ ಎಂಬಲ್ಲಿ ಬಹುವಚನ ಕಾಣುವುದು ಲ್ಯಾಟಿನ್ ಕಣ್ಣಿಗೆ. ಕನ್ನಡಕ್ಕೆ ‘ಗಳು’ ಬೇಕು.

ಕೊಡುವ ಕಡೆಯಲ್ಲಿ ನಾವೇ ಇರುವ ಒಂದು ಪದವೂ ಇದೆ. ಗೂಸ್ ಗೀಸ್ ಆಗುತ್ತದೆ. ಆದರೆ ಮೂಸ್ ‘ಮೀಸ್’ ಆಗುವುದಿಲ್ಲ, ಅದು ಉತ್ತರ ಅಮೆರಿಕದ ಮೂಲನಿವಾಸಿಗಳ ಅಲ್ಗಾಂಕಿಯನ್ ನುಡಿಯಿಂದ ಬಂದದ್ದು. ಮಾಂಗೂಸ್ ಎಂಬುದರ ಕೊನೆಯಲ್ಲಿ ಕಾಣುವ ಗೂಸಿಗೂ ಬಾತಿಗೂ ಸಂಬಂಧವಿಲ್ಲ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರು ಮರಾಠಿಯ ಮುಂಗೂಸವನ್ನು ಎತ್ತಿಕೊಂಡರು. ಮರಾಠಿಗೆ ಅದು ದ್ರಾವಿಡ ನುಡಿಗಳಿಂದ ಹೋದದ್ದು, ತೆಲುಗಿನ ಮುಂಗಿಸ, ನಮ್ಮ ಮುಂಗುಸಿ. ಪರಿಚಿತ ಗೂಸಿನ ಕಾಗುಣಿತ ಅದಕ್ಕೆ ತಾನಾಗಿ ಅಂಟಿಕೊಂಡಿತು. ಬಹುವಚನ ಮಾಂಗೂಸಸ್. ‘ಮಾಂಗೀಸ್’ ಎನ್ನುವವರೂ ಇದ್ದಾರೆ, ಕೆಲವು ನಿಘಂಟುಗಳು ಅದಕ್ಕೂ ಮೂಲೆಯಲ್ಲಿ ಜಾಗ ಕೊಟ್ಟಿವೆ. ಆದರೆ ಮೂಲ ಭಾಷೆಯ ಬಹುವಚನವೇ ಶುದ್ಧ ಎನ್ನುವವರು ಯಾರೂ ಈವರೆಗೆ ಇಂಗ್ಲಿಷಿನಲ್ಲಿ ‘ಮುಂಗುಸಿಗಳು’ ಎಂದು ಬರೆದದ್ದಿಲ್ಲ.